ಎಣಿಕೆಗೆ ಬಾರದ ತಿಮಿಂಗಿಲ

ಹಡಗಿನ ಏಣಿ ಹತ್ತುವಾಗ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿದ್ದದ್ದು ಆಯಾಸಕ್ಕಲ್ಲ. ಅವನನ್ನು ನೋಡಿ ಒಂದು ವರ್ಷವಾಗುತ್ತಾ ಬಂದಿತ್ತು. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳು. ಮೊದಲು 'ಚೆನ್ನಾಗಿದೀರಾ?' ಅನ್ನಬೇಕು. ಆಮೇಲೆ ಕಳೆದ ವರ್ಷದ ಮಾತು ತಾನಾಗಿಯೇ ಬರುತ್ತದೆ...

ಏಣಿಯ ತುದಿಯಲ್ಲಿ ಅವನು ನಿಂತೇ ಇದ್ದ. ಕಾಲರ್ ಸವೆದ ಅದೇ ನೀಲಿ ಅಂಗಿ, ಕುತ್ತಿಗೆಯಲ್ಲಿ ಅದೇ ಹಳೆಯ ಹೆಡ್‌ಫೋನು. ಆದರೆ ಎರಡೂ ಕೈಯಲ್ಲಿ ಬೇರೆ ಯಾರದೋ ಪೆಟ್ಟಿಗೆಗಳು.

"ಏ, ಮೆಲ್ಲಗೆ ಇಡೋ. ಅದರಲ್ಲಿ ನನ್ನ ಜೀವ ಇದೆ," ಎಂದಿತು ಅವನ ಹಿಂದಿನಿಂದ ಒಂದು ಹೆಣ್ಣು ದನಿ.

ಅವನು ನಗುತ್ತಾ ತಿರುಗಿದವನು ಇವಳನ್ನು ಕಂಡ. ಮುಖದ ಮೇಲಿದ್ದ ನಗು ಅರ್ಧಕ್ಕೇ ನಿಂತುಹೋಯಿತು.

"ಬಂದ್ರಾ? ಪ್ರಯಾಣ ಆರಾಮಾಯ್ತಾ?" ಎಂದು ಕೇಳಿದ. ಹೂಂ ಎನ್ನುವಷ್ಟರಲ್ಲಿ ಒಳಗಿನಿಂದ ಆ ಹೆಣ್ಣು ದನಿ ಮತ್ತೆ ಕರೆಯಿತು. ಇವನು ಪೆಟ್ಟಿಗೆ ಹೊತ್ತುಕೊಂಡು ಹೊರಟೇಬಿಟ್ಟ.

'ಇಡೋ' ಅಂತೆ! ನಾಲ್ಕು ವರ್ಷ ಒಂದೇ ಹಡಗಿನಲ್ಲಿ ಕೆಲಸ ಮಾಡಿದ ನಾನು ಇನ್ನೂ 'ನೀವು, ತಾವು' ಅಂತಿದೀನಿ. ನಿನ್ನೆ ಮೊನ್ನೆ ಬಂದವಳಿಗೆ ಇವನು 'ಇಡೋ'!

ಹೊಟ್ಟೆಯಲ್ಲಿ ಏನೋ ಚುರ್ ಎಂದಿತು. ಅದು ಹಸಿವಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವಳು ಮಾತ್ರ ಬೆಳಿಗ್ಗೆ ತಿಂಡಿ ತಿನ್ನದ್ದಕ್ಕೆ ಹೀಗಾಯಿತು ಎಂದುಕೊಂಡು ತನ್ನ ಚೀಲ ತಾನೇ ಹೊತ್ತು ಒಳಗೆ ನಡೆದಳು.

*

ಈ ಹಡಗಿಗೆ ಇರುವುದು ಒಂದೇ ಕೆಲಸ. ದಡ ಕಣ್ಮರೆಯಾಗುವಷ್ಟು ದೂರ ಹೋಗಿ ನೀಲಿ ತಿಮಿಂಗಿಲ ಹುಡುಕುವುದು. ಭೂಮಿಯ ಮೇಲಿನ ಅಷ್ಟು ದೊಡ್ಡ ಪ್ರಾಣಿಯನ್ನು ಹುಡುಕುವುದೇನು ಮಹಾ ಕಷ್ಟ ಅಂತ ನಿಮಗನ್ನಿಸಬಹುದು. ಸಮುದ್ರ ಅದಕ್ಕಿಂತ ದೊಡ್ಡದು ಕಣ್ರೀ! ಇವಳು ನಾಲ್ಕು ವರ್ಷದಿಂದ ಪ್ರತಿ ಸಲವೂ ಬಿಸಿಲಲ್ಲಿ ಸುಟ್ಟುಕೊಂಡು ನೀರನ್ನೇ ನೋಡುತ್ತಿದ್ದಳು. ಡಾಲ್ಫಿನ್ ಕಂಡಿದ್ದಳು, ಸಣ್ಣಪುಟ್ಟ ತಿಮಿಂಗಿಲ ಕಂಡಿದ್ದಳು, ತೇಲುವ ಪ್ಲಾಸ್ಟಿಕ್ ಡ್ರಮ್ಮು ಬೇಕಾದಷ್ಟು ಕಂಡಿದ್ದಳು. ನೀಲಿ ತಿಮಿಂಗಿಲ ಮಾತ್ರ ಒಂದೂ ಇಲ್ಲ.

ಹಡಗಿನ ಮೇಲೆ ಎರಡು ತಂಡ. ಒಂದು ಕಣ್ಣಿನವರದು. ಇವರು ಎತ್ತರದ ಅಟ್ಟದಲ್ಲಿ ಕಂಬಕ್ಕೆ ಕೂರಿಸಿದ ದೊಡ್ಡ ದುರ್ಬೀನುಗಳ ಹಿಂದೆ ನಿಂತು, ದೂರದಲ್ಲಿ ತಿಮಿಂಗಿಲ ಬಿಡುವ ಉಸಿರಿನ ಬಿಳಿ ಕಂಬವನ್ನು ಹುಡುಕಬೇಕು. ಇವಳ ಕಣ್ಣು ಎಷ್ಟು ಚುರುಕೆಂದರೆ ಹಡಗಿನವರೆಲ್ಲ ಇವಳನ್ನು ಕಣ್ಣಮ್ಮ ಎಂದೇ ಕರೆಯುತ್ತಿದ್ದರು.

ಇನ್ನೊಂದು ಕಿವಿಯವರದು. ತಂಡ ಅಂದರೆ ಅವನೊಬ್ಬನೇ. ಹಿಂದಿನ ಡೆಕ್ಕಿನ ಪುಟ್ಟ ಕೋಣೆಯಲ್ಲಿ ಕೂತು, ನೀರಿಗೆ ಎಸೆದ ತೇಲುವ ಮೈಕುಗಳಿಂದ ಬರುವ ಸದ್ದು ಕೇಳುವುದು ಅವನ ಕೆಲಸ. ಅವನನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಿದ್ದರು. ಇವಳೊಬ್ಬಳು ಬಿಟ್ಟು. ಬೇರೆಯವರಿಗೆ ಅವನು ಅಣ್ಣನಾಗಲಿ, ತಮ್ಮನಾಗಲಿ, ತನಗೇಕೆ ಆ ಸಂಬಂಧ ಎಂದು ಅವಳು ಮೊದಲ ವರ್ಷವೇ ತೀರ್ಮಾನಿಸಿದ್ದಳು.

ಈ ಕಣ್ಣಿಗೂ ಆ ಕಿವಿಗೂ ನಡುವೆ ಒಂದು ಕಟ್ಟುನಿಟ್ಟಿನ ನಿಯಮ. ಹಗಲು ಹುಡುಕಾಟ ನಡೆಯುವಾಗ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಗೊತ್ತಾಗಕೂಡದು. ಕಿವಿ ಹೇಳಿದ ಕಡೆ ಕಣ್ಣು ತಿರುಗಿದರೆ ಅದು ಕಣ್ಣು ಕಂಡದ್ದು ಹೇಗಾದೀತು? ಇಬ್ಬರೂ ಬೇರೆಬೇರೆಯಾಗಿ ಹುಡುಕಿ, ಯಾರಿಗೆ ಎಷ್ಟು ಸಿಕ್ಕಿತು, ಎಷ್ಟು ತಪ್ಪಿಹೋಯಿತು ಎಂದು ಹೋಲಿಸಿದರೆ ಮಾತ್ರ ಈ ನೀರಿನಲ್ಲಿ ಒಟ್ಟು ಎಷ್ಟು ತಿಮಿಂಗಿಲ ಉಳಿದಿವೆ ಎಂಬ ಅಂದಾಜು ಸಿಗುವುದು. ಅದಕ್ಕೇ ಅಟ್ಟದ ಹಿಂಬದಿಗೆ ಟಾರ್ಪಾಲಿನ ಪರದೆ ಕಟ್ಟಿದ್ದರು. ಇವರಿಗೆ ಅವನು ಕಾಣಬಾರದು. ಅವನಿಗೆ ಇವರ ಕೂಗು ಕೇಳಬಾರದು. ಎರಡೂ ಕಿವಿಗೆ ಹೆಡ್‌ಫೋನು ಹಾಕಿಕೊಂಡೇ ಇರಬೇಕು.

ಹುಡುಕಾಟದ ಹೊತ್ತಿನಲ್ಲಿ ಅವನ ಜೊತೆ ಮಾತಾಡಬಹುದಾದವರು ಒಬ್ಬರೇ, ಫೋಟೋ ತೆಗೆಯುವವರು. ಅವರು ಎರಡೂ ತಂಡಕ್ಕೆ ಸೇರಿದವರಲ್ಲ. ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿಯವನು ಅವರಿಗೆ ಹೇಳಲೇಬೇಕು, ಕ್ಯಾಮೆರಾ ಸಿದ್ಧವಾಗಿರಬೇಕಲ್ಲ.

ಹಿಂದಿನ ವರ್ಷಗಳಲ್ಲಿ ಆ ಕೆಲಸಕ್ಕೆ ಸದಾ ತೂಕಡಿಸುವ ಒಬ್ಬ ಮುದುಕಪ್ಪ ಬರುತ್ತಿದ್ದ. ಈ ಸಲ ಬಂದವಳು ಅವಳು, ಆ 'ಇಡೋ' ಎಂದವಳು. ತುಂಡು ಕೂದಲು, ಗಟ್ಟಿ ದನಿ, ಕ್ಯಾಪ್ಟನ್ನನ್ನು ಬಿಟ್ಟು ಉಳಿದವರಿಗೆಲ್ಲ ಏಕವಚನ.

*

ಕಳೆದ ವರ್ಷದ ಮಾತು ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವಳ ಸಂಕಟ ನಿಮಗೆ ಅರ್ಥವಾಗುವುದಿಲ್ಲ.

ಹಿಂದಿನ ಪ್ರಯಾಣದ ಕೊನೆಯ ದಿನ ಇಬ್ಬರೂ ಊಟದ ಕೋಣೆಯಲ್ಲಿ ತಟ್ಟೆ ತೊಳೆಯುತ್ತಿದ್ದರು. ಅವನು ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಾ, ಅವಳ ಮುಖ ನೋಡದೆ, "ಮುಂದಿನ ಸಲ ನಾವಿಬ್ಬರೂ ಒಂದೇ ಮನೆಯಿಂದ ಹಡಗಿಗೆ ಬರೋ ಹಾಗಾದ್ರೆ ಹೇಗಿರುತ್ತೆ?" ಎಂದು ಕೇಳಿದ್ದ.

ಅವಳು ವರ್ಷಗಟ್ಟಲೆ ಕಾದಿದ್ದ ಮಾತು! ಸೋಪಿನ ನೊರೆಯಲ್ಲಿ ಕೈ ಮುಳುಗಿಸಿಕೊಂಡು, ಗಾಬರಿಗೆ ನಕ್ಕುಬಿಟ್ಟಿದ್ದಳು. "ಮೊದಲು ತಿಮಿಂಗಿಲ ಸಿಗಲಿ ಬಿಡಿ," ಎಂದಿದ್ದಳು.

ಅಷ್ಟೇ. ಅವನು ತಟ್ಟೆ ಇಟ್ಟು ಹೋದವನು ಆಮೇಲೆ ಆ ಸುದ್ದಿ ಎತ್ತಲಿಲ್ಲ.

ಊರಿಗೆ ಹೋಗಿ ಅಕ್ಕನ ಮುಂದೆ ಹೇಳಿಕೊಂಡಾಗ ಅಕ್ಕ ಮಗುವಿಗೆ ಸಾಕ್ಸ್ ಹಾಕುತ್ತಿದ್ದವಳು ಕೈ ನಿಲ್ಲಿಸಿ ತಂಗಿಯನ್ನು ಕೆಕ್ಕರಿಸಿ ನೋಡಿದ್ದಳು. "ನಿನ್ನ ತಿಮಿಂಗಿಲ ಸಿಗೋ ಹೊತ್ತಿಗೆ ಅವನಿಗೆ ಮೊಮ್ಮಕ್ಕಳಾಗಿರ್ತಾರೆ ಕಣೇ, ದಡ್ಡಿ. ಈ ಸಲ ಹೋದ ತಕ್ಷಣ ಹೂಂ ಅನ್ನು," ಎಂದು ಬೈದು ಕಳಿಸಿದ್ದಳು.

ಹೂಂ ಎನ್ನಲು ಅವನು ಒಬ್ಬನೇ ಸಿಕ್ಕರೆ ತಾನೇ?

ಬೆಳಿಗ್ಗೆ ಅಟ್ಟಕ್ಕೆ ಹೋಗುವ ದಾರಿ ಅವನ ಕೋಣೆಯ ಮುಂದೆಯೇ ಹಾದುಹೋಗುತ್ತಿತ್ತು. ಬಾಗಿಲು ತೆರೆದೇ ಇರುತ್ತಿತ್ತು. ಹೊಸ್ತಿಲ ಪಕ್ಕದ ಪೆಟ್ಟಿಗೆಯ ಮೇಲೆ ಆ ಫೋಟೋದವಳು ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ಏನೇನೋ ಹರಟುತ್ತಿದ್ದಳು. ಅವನು ಸದ್ದಿನ ಗೆರೆಗಳು ಮೂಡುವ ಕಂಪ್ಯೂಟರ್ ಪರದೆ ನೋಡುತ್ತಾ ಕೇಳಿಸಿಕೊಳ್ಳುತ್ತಿದ್ದ.

ಇವಳಿಗೆ ಉರಿದದ್ದು ಇನ್ನೊಂದಕ್ಕೆ. ಅವನ ಹೆಡ್‌ಫೋನು ಒಂದೇ ಕಿವಿಯ ಮೇಲಿರುತ್ತಿತ್ತು! ಬಾಗಿಲ ಕಡೆಯ ಕಿವಿ, ಅವಳು ಕೂತ ಕಡೆಯ ಕಿವಿ, ಬರೀ ಬಯಲು.

ಇವಳು ಹಾದುಹೋಗುವ ಸದ್ದಾದರೆ ಸಾಕು, ಅವನು ತಟ್ಟನೆ ಮಾತು ನಿಲ್ಲಿಸಿ ಪರದೆಯನ್ನು ಆ ಕಡೆ ತಿರುಗಿಸಿಬಿಡುತ್ತಿದ್ದ. ನಿಯಮದ ಪ್ರಕಾರ ಅದು ಸರಿ. ಕಣ್ಣಿನವರಿಗೆ ಕಿವಿಯ ಪರದೆ ಕಾಣಬಾರದು. ಆ ನಿಯಮವನ್ನು ಹೊಸಬರಿಗೆ ಬಾಯಿಪಾಠ ಮಾಡಿಸಿದವಳೇ ಇವಳು. ಆದರೆ ಹೊಟ್ಟೆ ಉರಿಯುವಾಗ ನಿಯಮ ಯಾರಿಗೆ ಬೇಕು ಹೇಳಿ?

'ನನ್ನನ್ನ ಕಂಡ್ರೆ ಬಾಯಿ ಮುಚ್ಚಿಕೊಳ್ತಾನೆ. ಅವಳಿಗೋಸ್ಕರ ಸಮುದ್ರನೇ ಅರ್ಧ ಕಿವಿಲಿ ಕೇಳ್ತಾನೆ. ಸರಿ ಬಿಡು...'

ಸರಿ ಬಿಡು ಎಂದವಳು ಬಿಟ್ಟಳೇ? ಊಟಕ್ಕೆ ಕೂತಾಗ ಅವರಿಬ್ಬರ ನಡುವೆ ಎಷ್ಟು ಜಾಗವಿದೆ ಎಂದು ಅಳೆದಳು. ಫೋಟೋದವಳು ಅವನ ತಟ್ಟೆಯಿಂದ ಬ್ರೆಡ್ಡು ಎತ್ತಿಕೊಂಡದ್ದನ್ನು ನೋಡಿ ತನ್ನ ಸೂಪಿಗೆ ಎರಡು ಸಲ ಉಪ್ಪು ಹಾಕಿಕೊಂಡಳು. ತಾನೂ ಕೂದಲು ತುಂಡು ಮಾಡಿಸಿದರೆ ಹೇಗೆ ಕಾಣಬಹುದೆಂದು ಸ್ನಾನದ ಕೋಣೆಯ ಕನ್ನಡಿಯ ಮುಂದೆ ಜಡೆ ಮಡಚಿ ಹಿಡಿದು ನೋಡಿಕೊಂಡಳು. ಚೆನ್ನಾಗಿ ಕಾಣಲಿಲ್ಲ. ಅದಕ್ಕೂ ಅವಳ ಮೇಲೇ ಕೋಪ ಬಂತು.

ಉರಿಯುವ ಒಲೆಗೆ ಸೌದೆ ಹಾಕಿದವನು ಅಡುಗೆಯಣ್ಣ. ಹಡಗಿನ ಸುದ್ದಿಯೆಲ್ಲ ಮೊದಲು ಬೇಯುವುದು ಅವನ ಅಡುಗೆಮನೆಯಲ್ಲೇ. ಆ ಫೋಟೋದವಳು ಈ ಪ್ರಯಾಣ ಮುಗಿದ ಮೇಲೆ ದೊಡ್ಡ ಹಡಗೊಂದಕ್ಕೆ ಸೇರುತ್ತಾಳಂತೆ. ಎರಡು ವರ್ಷದ ಪ್ರಯಾಣವಂತೆ. ಅಲ್ಲಿಗೆ ಕಿವಿಯವನೊಬ್ಬ ಬೇಕಂತೆ, ಇವನನ್ನು ಬಾ ಎಂದು ಕರೆದಿದ್ದಾಳಂತೆ. ದಡ ಮುಟ್ಟುವುದರೊಳಗೆ ಹೇಳುತ್ತೇನೆ ಎಂದಿದ್ದಾನಂತೆ.

"ನೀನೂ ಹೇಳಮ್ಮ ಅವನಿಗೆ. ಒಳ್ಳೆ ಅವಕಾಶ, ಬಿಡಬೇಡ ಅಂತ," ಎಂದ ಪುಣ್ಯಾತ್ಮ, ಮೊಟ್ಟೆ ಒಡೆಯುತ್ತಾ.

ಎರಡು ವರ್ಷ! ಅವಳ ಕೈಲಿದ್ದ ಚಹಾ ಆರಿ ತಣ್ಣಗಾಯಿತು. ಅವನು ಇನ್ನೂ ಉತ್ತರ ಕೊಟ್ಟಿಲ್ಲ. ತಾನೂ ಕೊಟ್ಟಿಲ್ಲ. ಯಾರ ಉತ್ತರ ಮೊದಲು ಬರುತ್ತದೋ ಅದರ ಮೇಲೆ ಅವಳ ಮುಂದಿನ ಬದುಕು ನಿಂತಿತ್ತು.

*

ಮರುದಿನ ಸಮುದ್ರ ಕನ್ನಡಿಯ ಹಾಗೆ ನಯವಾಗಿತ್ತು. ಹುಡುಕುವವರಿಗೆ ಇಂಥ ದಿನ ಸಿಗುವುದೇ ಅಪರೂಪ. ತಂಡದ ಮೇಡಂ, ಅಂದರೆ ಇಡೀ ಸಮೀಕ್ಷೆಯ ಜವಾಬ್ದಾರಿ ಹೊತ್ತ ಬಿಳಿಗೂದಲಿನ ಹಿರಿಯಳು, ಬೆಳಿಗ್ಗೆಯೇ ಅಟ್ಟಕ್ಕೆ ಬಂದು ಇವತ್ತು ಯಾರೂ ಕಣ್ಣು ಮಿಟುಕಿಸಬೇಡಿ ಎಂದು ಹೇಳಿಹೋಗಿದ್ದರು.

ಇವಳ ಪಾಲಿಗೆ ಎಡಭಾಗದ ದುರ್ಬೀನು. ಬಲಕ್ಕೆ ಗಡ್ಡದವನು. ನಡುವೆ ಬರೆದುಕೊಳ್ಳುವವಳು.

ಕಣ್ಣು ದುರ್ಬೀನಿನಲ್ಲಿತ್ತು ನಿಜ, ಮನಸ್ಸೆಲ್ಲ ಹಿಂದೆ. ಟಾರ್ಪಾಲಿನ ಆಚೆಯಿಂದ ಫೋಟೋದವಳ ನಗು ಕೇಳಿಸಿತು. ಆಮೇಲೆ ಅವನದು. ಆಮೇಲೆ ನಗು ನಿಂತು ಪಿಸುಮಾತಾಯಿತು.

ನಗುವಿಗಿಂತ ಪಿಸುಮಾತು ಕೆಟ್ಟದ್ದು.

'ನೋಡಬಾರದು. ನೋಡಬಾರದು ಕಣೇ... ಒಂದು ಸಲ ನೋಡಿದ್ರೆ ಏನಾಗುತ್ತೆ?'

ದುರ್ಬೀನು ಬಿಟ್ಟು ಹಿಂದೆ ಸರಿದಳು. ಗಡ್ಡದವನ ಕಣ್ಣು ನೀರಿನ ಮೇಲಿತ್ತು, ಬರೆದುಕೊಳ್ಳುವವಳದು ಪುಸ್ತಕದ ಮೇಲೆ. ಅವಳು ಟಾರ್ಪಾಲಿನ ಮೂಲೆಯ ಗಂಟು ಸಡಿಲಿಸಿ, ಒಂದು ಕಣ್ಣು ಹಿಡಿಸುವಷ್ಟು ಸರಿಸಿದಳು.

ಕೆಳಗೆ ಇಬ್ಬರೂ ಕೋಣೆಯ ಹೊರಗೆ ಕಟಕಟೆಗೆ ಒರಗಿ ನಿಂತಿದ್ದರು. ಅವನು ಅವಳ ಹಿಂದೆ ನಿಂತು, ಅವಳ ಭುಜದ ಮೇಲಿಂದ ತನ್ನ ತೋಳು ಚಾಚಿದ್ದ. ಅವನ ಗಲ್ಲ ಅವಳ ತುಂಡು ಕೂದಲಿಗೆ ತಾಕುವಂತಿತ್ತು.

ಇವಳ ಕಣ್ಣಲ್ಲಿ ನೀರು ಚಿಮ್ಮಿತು. ಆಯಿತು, ಮುಗಿಯಿತು, ಎಲ್ಲ ಮುಗಿಯಿತು! ಆ ತೋಳನ್ನು ನೋಡಿದಳು, ಮೊಣಕೈ ನೋಡಿದಳು, ಮಣಿಕಟ್ಟು ನೋಡಿದಳು. ಆಮೇಲೆ, ಅಭ್ಯಾಸ ಬಿಡಬೇಕಲ್ಲ, ಆ ಬೆರಳು ಎತ್ತ ತೋರಿಸುತ್ತಿದೆ ಎಂಬುದನ್ನೂ ನೋಡಿಬಿಟ್ಟಳು.

ಮುಂದೆ, ಎಡಕ್ಕೆ.

ಯಾವಾಗ ತಿರುಗಿದಳೋ, ಯಾವಾಗ ದುರ್ಬೀನಿಗೆ ಕಣ್ಣು ಕೊಟ್ಟಳೋ ಅವಳಿಗೇ ಗೊತ್ತಾಗಲಿಲ್ಲ. ದುರ್ಬೀನನ್ನು ಆ ಬೆರಳಿನ ದಿಕ್ಕಿಗೇ ತಿರುಗಿಸಿದಳು. ಬರೀ ನೀರು... ಬರೀ ನೀರು... ನೀರಿನಂಚಿನಲ್ಲಿ ನೆಟ್ಟಗೆ ಒಂದು ಬಿಳಿ ಕಂಬ ಎದ್ದು ನಿಂತಿತು.

"ಉಸಿರು! ಎಡಕ್ಕೆ, ದೂರ!"

ಹಡಗು ಹಡಗೇ ಎದ್ದು ನಿಂತಿತು. ಗಡ್ಡದವನು ನೋಡಿ ಹೌದೆಂದ. ಕ್ಯಾಪ್ಟನ್ ಆ ಕಡೆ ತಿರುಗಿಸಿದರು. ಹತ್ತಿರ ಹೋದಂತೆ ನೀರು ಸೀಳಿಕೊಂಡು ಬೆನ್ನು ಬಂತು. ಬಂತು... ಬರುತ್ತಲೇ ಇತ್ತು. ಮೋಡದ ನೆರಳಿನಂಥ ಬಣ್ಣ, ಮೈತುಂಬ ಮಚ್ಚೆ. ಇನ್ನು ಮುಗಿಯಿತು ಎಂದುಕೊಂಡ ಮೇಲೂ ಬೆನ್ನು ಬಂದು, ಎಲ್ಲೋ ತುದಿಯಲ್ಲಿ ಬೆರಳುದ್ದದ ಹಾಗೆ ಕಾಣುವ ಒಂದು ಪುಟ್ಟ ರೆಕ್ಕೆ ತೋರಿಸಿ ಮುಳುಗಿತು.

ನಾಲ್ಕು ವರ್ಷ ಕಾದದ್ದು ಕಣ್ಣೆದುರಿಗಿತ್ತು. ಅವಳಿಗೆ ಅಳು ಬಂತು. ಸಂತೋಷಕ್ಕೆ ಅಂತ ಎಲ್ಲರೂ ಅಂದುಕೊಂಡರು.

ಯಾವತ್ತೂ ಯಾರನ್ನೂ ಮುಟ್ಟಿ ಮಾತಾಡಿಸದ ಮೇಡಂ ಅವಳನ್ನು ತಬ್ಬಿಕೊಂಡರು. ಅಡುಗೆಯಣ್ಣ ಸೌಟು ಹಿಡಿದುಕೊಂಡೇ ಅಟ್ಟಕ್ಕೆ ಓಡಿಬಂದ. ತಿಮಿಂಗಿಲ ದೂರ ಹೋಗಿ ಹುಡುಕಾಟ ನಿಂತ ಮೇಲೆ, ಕಿವಿಯವನು ಅಟ್ಟದ ಏಣಿಯ ಬುಡಕ್ಕೆ ಬಂದು ತಲೆಯೆತ್ತಿ ನಿಂತ. ಈ ಪ್ರಯಾಣದಲ್ಲಿ ಮೊದಲ ಸಲ ಅವನ ನಗು ಅರ್ಧಕ್ಕೆ ನಿಲ್ಲಲಿಲ್ಲ.

"ಬೆಳಿಗ್ಗೆಯಿಂದ ನನಗೆ ಕೇಳಿಸ್ತಾ ಇತ್ತು. ನಿಮಗೂ ಸಿಗಲಿ, ಸಿಗಲಿ ಅಂತ ಒಳಗೆ ಕೂತು ಒದ್ದಾಡ್ತಿದ್ದೆ," ಎಂದ. "ಕಣ್ಣಿಗೂ ಕಿವಿಗೂ ಒಂದೇ ತಿಮಿಂಗಿಲ, ಬೇರೆಬೇರೆಯಾಗಿ. ನನ್ನ ಕೆಲಸದಲ್ಲಿ ಇದೇ ಮೊದಲನೇ ಸಲ. ನಿಮ್ಮಿಂದ."

ಬೇರೆಬೇರೆಯಾಗಿ.

ಅವಳು ಅವನ ಕಣ್ಣು ತಪ್ಪಿಸಿ, ತಲೆನೋವು ಎಂದು ಹೇಳಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

*

ಹಾಸಿಗೆಯ ಮೇಲೆ ಕೂತು ಚಾದರದ ಅಂಚು ತಿರುಚುತ್ತಾ ಯೋಚಿಸಿದಳು. ಯಾರೂ ನೋಡಿಲ್ಲ. ಗಂಟನ್ನು ಮತ್ತೆ ಬಿಗಿದಾಗಿದೆ. ಸುಮ್ಮನಿದ್ದರೆ ತಿಮಿಂಗಿಲ ಅವಳದು, ಹೆಸರು ಅವಳದು. ತಿಮಿಂಗಿಲ ಸಿಗಲಿ ಎಂದಿದ್ದಳು, ಸಿಕ್ಕಿದೆ. ಇವತ್ತೇ ಅವನ ಮುಂದೆ ನಿಂತು ಹೂಂ ಎನ್ನಬಹುದು. ಅವನು ಈಗ ನಗುತ್ತಲೂ ಇದ್ದಾನೆ...

ಆದರೆ ಅವನ ಇಷ್ಟು ವರ್ಷದ ಕೆಲಸ ಇನ್ನು ಮುಂದೆ ನಿಲ್ಲುವುದು ಈ ಒಂದು ತಿಮಿಂಗಿಲದ ಮೇಲೆ. ಬೇರೆಬೇರೆಯಾಗಿ ಸಿಕ್ಕಿತು ಎಂದು ಅವನು ಎಲ್ಲರ ಮುಂದೆ ಎದೆಯುಬ್ಬಿಸಿ ಹೇಳುತ್ತಾನೆ. ಅದು ಸುಳ್ಳೆಂದು ಇವಳೊಬ್ಬಳಿಗೆ ಗೊತ್ತಿರುತ್ತದೆ. ಒಂದೇ ಮನೆಯಲ್ಲಿ ಎದುರೆದುರು ಕೂತು ಊಟ ಮಾಡುವಾಗಲೂ ಗೊತ್ತಿರುತ್ತದೆ.

ಹೇಳಿದರೆ? ಪರದೆ ಯಾಕೆ ಸರಿಸಿದೆ ಎಂದು ಕೇಳಿಯೇ ಕೇಳುತ್ತಾರೆ. ಆಗ ಏನು ಹೇಳುವುದು? ಅದೂ ಆ ಫೋಟೋದವಳ ಮುಂದೆ!

ಸಂಜೆ ಬೆಳಕು ಇಳಿದ ಮೇಲೆ ಎಲ್ಲರೂ ಊಟದ ಕೋಣೆಯಲ್ಲಿ ಸೇರುವುದು ಆ ಹಡಗಿನ ವಾಡಿಕೆ. ಮೇಡಂ ಪ್ರತಿ ಸಂಜೆಯೂ ಒಂದೇ ಪ್ರಶ್ನೆ ಕೇಳುತ್ತಾರೆ, ಎಲ್ಲರೂ ಒಂದೇ ದನಿಯಲ್ಲಿ ಇಲ್ಲ ಎನ್ನುತ್ತಾರೆ, ಆಮೇಲೆ ಊಟ. ಯಾರೂ ಆ ಪ್ರಶ್ನೆಯನ್ನು ಕಿವಿಗೊಟ್ಟು ಕೇಳಿಸಿಕೊಳ್ಳುತ್ತಲೂ ಇರಲಿಲ್ಲ.

"ಇವತ್ತಿನ ಹುಡುಕಾಟದ ಬಗ್ಗೆ ಯಾರಿಗಾದ್ರೂ ಹೇಳೋದಿದೆಯಾ?"

"ಇಲ್ಲ," ಎಂದರು ಎಲ್ಲರೂ, ತಟ್ಟೆ ಎಳೆದುಕೊಳ್ಳುತ್ತಾ.

"ಇದೆ," ಎಂದಳು ಅವಳು.

ತಟ್ಟೆಗಳ ಸದ್ದು ನಿಂತಿತು. ಅವಳು ಎದ್ದು ನಿಂತಳು.

"ಆ ತಿಮಿಂಗಿಲ ನಾನು ಹುಡುಕಿದ್ದಲ್ಲ ಮೇಡಂ. ಪರದೆ ಸರಿಸಿ ಹಿಂದಿನ ಡೆಕ್ ನೋಡಿದೆ. ಅವರು ಫೋಟೋ ತೆಗೆಯೋವರಿಗೆ ಕೈ ತೋರಿಸ್ತಿದ್ರು. ಆ ಕೈ ನೋಡಿ ದುರ್ಬೀನು ತಿರುಗಿಸಿದೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಕೆಟ್ಟ ಲಕ್ಷಣ ಎಂದು ಹಡಗಿನಲ್ಲಿ ಎಲ್ಲರಿಗೂ ಗೊತ್ತು.

"ಪರದೆ ಗಾಳಿಗೆ ಸರಿದಿತ್ತಾ?"

ಹೌದು ಎನ್ನಬಹುದಿತ್ತು. ಎಷ್ಟು ಸುಲಭವಿತ್ತು! ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು.

"ಇವತ್ತು ಗಾಳಿನೇ ಇರಲಿಲ್ಲ ಮೇಡಂ. ನಾನೇ ಗಂಟು ಬಿಚ್ಚಿದೆ."

"ಯಾಕೆ?"

"ಹೊಟ್ಟೆಕಿಚ್ಚಿಗೆ."

ಅಡುಗೆಯಣ್ಣನ ಕೈಯಿಂದ ಸೌಟು ಜಾರಿ ಪಾತ್ರೆಯೊಳಗೆ ಬಿತ್ತು. ಕಿವಿಯವನು ತಲೆ ತಗ್ಗಿಸಿ ಕೂತಿದ್ದ, ಕಿವಿಯವರೆಗೆ ಕೆಂಪಾಗಿದ್ದ. ಅವಳು ಅವನ ಕಡೆ ನೋಡಲಿಲ್ಲ. ಬಾಯಿ ತೆರೆದದ್ದಾಯಿತು, ಇನ್ನು ಅರ್ಧಕ್ಕೆ ನಿಲ್ಲಿಸಿ ಏನು ಪ್ರಯೋಜನ?

"ಅವರಿಬ್ಬರು ಏನು ಪಿಸುಗುಟ್ತಿದಾರೆ ಅಂತ ತಡೆಯೋಕಾಗಲಿಲ್ಲ. ನಾನು ಸಮುದ್ರ ನೋಡ್ತಿರಲಿಲ್ಲ ಮೇಡಂ, ಅವರನ್ನ ನೋಡ್ತಿದ್ದೆ. ಈ ಪ್ರಯಾಣ ಶುರುವಾದಾಗಿಂದ ಅದೇ ಮಾಡ್ತಿದೀನಿ."

ಆ ತಿಮಿಂಗಿಲ ಫೋಟೋದಲ್ಲಿ ಇರುತ್ತದೆ, ಎಣಿಕೆಗೆ ಬರುವುದಿಲ್ಲ ಎಂದರು ಮೇಡಂ. ದಡ ಮುಟ್ಟುವವರೆಗೂ ಅವಳು ಅಟ್ಟ ಹತ್ತಕೂಡದು ಎಂದರು. ಆಮೇಲೆ ಕನ್ನಡಕ ಒರೆಸುತ್ತಾ, "ಹೊಟ್ಟೆಕಿಚ್ಚು ಯಾರ ಮೇಲೆ, ಯಾರಿಗೋಸ್ಕರ ಅಂತ ವರದಿಲಿ ಬರೀಬೇಕಾಗುತ್ತಾ?" ಎಂದು ಕೇಳಿದರು.

"ಬೇಡ ಬಿಡಿ ಮೇಡಂ, ಎಲ್ಲರಿಗೂ ಗೊತ್ತಾಯ್ತು," ಎಂದಳು ಫೋಟೋದವಳು. ಇವಳ ಕಡೆ ತಿರುಗಿ, "ಅಲ್ಲ ಕಣೇ, ಇಷ್ಟು ದಿನ ನನ್ನ ಬೆನ್ನು ಉರೀತಿದ್ದದ್ದು ಬಿಸಿಲಿಗೆ ಅಂತ ಕ್ರೀಮ್ ಹಚ್ಚಿ ಹಚ್ಚಿ ಡಬ್ಬಿ ಖಾಲಿ ಮಾಡಿದೆ. ನಿನ್ನ ಕಣ್ಣಿಗಾ?" ಎಂದಳು.

ಯಾರೋ ಕಿಸಕ್ಕೆಂದರು. ಅವನು ನಗಲಿಲ್ಲ. ಊಟ ಬಿಟ್ಟು ಹೊರಗೆ ನಡೆದ ಮೇಡಂ ಹಿಂದೆಯೇ ಎದ್ದು ಹೊರಟುಹೋದ.

ಹೋಯಿತು. ತಿಮಿಂಗಿಲವೂ ಹೋಯಿತು, ಮಾನವೂ ಹೋಯಿತು, ಅವನೂ ಹೋದ. ಅವನ ಜೀವಮಾನದ ಮೊದಲ ಗೆಲುವನ್ನು ತನ್ನ ಕೈಯಾರೆ ಹಾಳು ಮಾಡಿದವಳನ್ನು ಯಾವ ಗಂಡಸು ತಿರುಗಿ ನೋಡುತ್ತಾನೆ? ಅವಳು ತಲೆದಿಂಬಿಗೆ ಮುಖ ಒತ್ತಿಕೊಂಡು, ಪಕ್ಕದ ಕೋಣೆಗೆ ಕೇಳಿಸದ ಹಾಗೆ ಅತ್ತಳು.

*

ಬೆಳಿಗ್ಗೆ ಅಭ್ಯಾಸಬಲದಿಂದ ಎದ್ದು, ಟೋಪಿ ಹಾಕಿಕೊಂಡು, ಅಟ್ಟದ ಏಣಿಯ ಮೇಲೆ ಕಾಲಿಟ್ಟ ಮೇಲೆ ನೆನಪಾಯಿತು. ಮೆಲ್ಲಗೆ ಕಾಲು ಹಿಂದೆಗೆದುಕೊಂಡು ಅಡುಗೆಮನೆಗೆ ಹೋದಳು. ಅಡುಗೆಯಣ್ಣ ಏನೂ ಕೇಳದೆ ಒಂದು ಬುಟ್ಟಿ ಆಲೂಗಡ್ಡೆಯನ್ನೂ ಚಾಕುವನ್ನೂ ಅವಳ ಮುಂದಿಟ್ಟ. ತಾನು ದೊಡ್ಡ ಹಡಗಿನ ಸುದ್ದಿ ಹೇಳಬಾರದಿತ್ತು ಎಂದು ಒಲೆಯ ಕಡೆ ಮುಖ ಮಾಡಿಕೊಂಡೇ ಗೊಣಗಿದ.

ಅರ್ಧ ಬುಟ್ಟಿ ಸಿಪ್ಪೆ ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಅವನು. ಕಣ್ಣು ಕೆಂಪಾಗಿದ್ದವು, ಅವನೂ ಮಲಗಿದ ಹಾಗಿರಲಿಲ್ಲ.

"ಇವತ್ತು ನೀವು ಕಣ್ಣಿನವರಲ್ಲ ತಾನೇ?"

ಚುಚ್ಚಲು ಬಂದಿದ್ದಾನೆ ಎಂದುಕೊಂಡಳು. ಇಲ್ಲ ಎಂದು ತಲೆಯಾಡಿಸಿದಳು.

"ಹಾಗಾದ್ರೆ ನಿಮ್ಮ ಹತ್ರ ಮಾತಾಡಬಹುದು. ಬನ್ನಿ."

ಆಲೂಗಡ್ಡೆ ಕೈಲೇ ಹಿಡಿದುಕೊಂಡು ಅವನ ಹಿಂದೆ ಹೋದಳು. ನಾಲ್ಕು ವರ್ಷದಲ್ಲಿ ಅವಳು ಆ ಕೋಣೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಎರಡು ಪರದೆ, ಕಿರ್ರೆನ್ನುವ ಒಂದು ಫ್ಯಾನು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ವೈರುಗಳು. ಬಾಗಿಲ ಪಕ್ಕದ ಪೆಟ್ಟಿಗೆ ಇವತ್ತು ಖಾಲಿಯಿತ್ತು. ಅವನು ಅವಳನ್ನು ತನ್ನ ಕುರ್ಚಿಯ ಮೇಲೆ ಕೂರಿಸಿ, ತಾನು ನಿಂತುಕೊಂಡ.

"ಈ ಕುರ್ಚಿಲಿ ಕೂತರೆ ಬಾಗಿಲ ಕಡೆ ಯಾವ ಕಿವಿ ಬರುತ್ತೆ?"

"ಎಡಗಿವಿ," ಎಂದಳು ಅರ್ಥವಾಗದೆ.

"ಬಾಗಿಲಾಚೆ ಏನಿದೆ?"

ತಿರುಗಿ ನೋಡಿದಳು. ಪೆಟ್ಟಿಗೆ. ಪೆಟ್ಟಿಗೆಯ ಆಚೆ ಏಣಿ. ಏಣಿಯ ಮೇಲೆ ಅಟ್ಟ. ಅಟ್ಟದಿಂದ ಗಡ್ಡದವನು ಏನೋ ಗೊಣಗುವುದು ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು.

"ಎರಡೂ ಕಿವಿ ಮುಚ್ಚಿಕೊಂಡಿರಬೇಕು ಅನ್ನೋದು ನಿಯಮ. ನಾನು ಒಂದನ್ನ ಈ ಸಲ ಶುರುವಿಂದಲೂ ಹೊರಗೆ ಬಿಟ್ಟಿರ್ತಿದ್ದೆ. ನೀವು ಮೇಲೆ ಮಾತಾಡೋದು ಕೇಳಿಸಲಿ ಅಂತ." ಅವನ ದನಿ ತೊದಲಿತು. "ನೀವು ಆ ಗಡ್ಡದವನ ಜೊತೆ ನಕ್ಕರೆ ನನಗೂ ಆ ದಿನ ಊಟ ಸೇರ್ತಿರಲಿಲ್ಲ. ನಿನ್ನೆ ನೀವು ಎದ್ದು ನಿಂತು ಹೇಳಿದ ಮೇಲೆ ನಾನು ಹೇಗೆ ಸುಮ್ಮನಿರಲಿ? ಮೇಡಂ ಹಿಂದೆ ಹೋಗಿ ನಂದೂ ಹೇಳಿದೆ."

ಅವಳು ಬೆರಗಾಗಿ ಅವನನ್ನೇ ನೋಡಿದಳು. ಅಂದರೆ ಆ ಬಯಲು ಕಿವಿ... ಅಷ್ಟು ದಿನ ಅವಳ ಹೊಟ್ಟೆ ಉರಿಸಿದ ಆ ಕಿವಿ, ಅವಳದೇ ಆಗಿತ್ತೇ?

"ಅಯ್ಯೋ... ಹಾಗಾದ್ರೆ ನಿಮ್ಮ ಕೆಲಸ?"

"ಈ ವರ್ಷದ್ದು ಪೂರ್ತಿ ಹೋಯ್ತು. ಮೇಡಂ ಬಾಯಿಗೆ ಬಂದ ಹಾಗೆ ಬೈದರು. ಒಬ್ಬಳ ಕಣ್ಣು, ಒಬ್ಬನ ಕಿವಿ ಸೇರಿ ನನ್ನ ಸಮೀಕ್ಷೆ ಮಣ್ಣುಪಾಲು ಮಾಡಿದ್ರಿ ಅಂದರು. ಇನ್ನು ಮೇಲೆ ನನ್ನ ಎರಡೂ ಕಿವಿ ಮುಚ್ಚಿದೆಯಾ ಅಂತ ನೋಡಿಕೊಳ್ಳೋಕೆ ನಿಮ್ಮನ್ನ ಇಲ್ಲಿ ಕೂರಿಸಬೇಕಂತೆ. ಇಬ್ಬರಿಗೂ ಅದೇ ಶಿಕ್ಷೆಯಂತೆ."

ಅವಳಿಗೆ ನಗು ಬಂತು. ನಗುತ್ತಲೇ ಅಳುವೂ ಬಂತು. ಕೈಲಿದ್ದ ಆಲೂಗಡ್ಡೆಯನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಕೇಳಲೇಬೇಕಾದದ್ದನ್ನು ಕೇಳಿದಳು.

"ದೊಡ್ಡ ಹಡಗು? ಎರಡು ವರ್ಷ ಅಂತೆ..."

"ಅವರಿಗೆ ಉತ್ತರ ಕೊಡೋ ಮೊದಲು ನನಗೊಂದು ಉತ್ತರ ಬರಬೇಕಿತ್ತು. ಕಳೆದ ವರ್ಷ ಕೇಳಿದ್ದೆ. ಒಬ್ಬರು ನಕ್ಕುಬಿಟ್ಟರು."

"ಗಾಬರಿಗೆ ನಕ್ಕಿದ್ದು ಅದು! ತಿಮಿಂಗಿಲ ಸಿಗಲಿ ಅಂದಿದ್ದೆ ಅಷ್ಟೇ."

"ಸಿಕ್ತಲ್ಲ."

ಅವಳು ತಲೆ ತಗ್ಗಿಸಿದಳು. "ಅದು ಎಣಿಕೆಗೆ ಬರಲ್ಲ ಅಂತ ಮೇಡಂ ಹೇಳಿದಾರೆ."

ಅವನು ಅವಳ ಮುಂದೆ ಮಂಡಿಯೂರಿ ಕೂತು, ಮಡಿಲಲ್ಲಿದ್ದ ಆಲೂಗಡ್ಡೆ ತೆಗೆದು ಮೇಜಿನ ಮೇಲಿಟ್ಟು, ಮಣ್ಣಾದ ಆ ಕೈಯನ್ನು ಹಿಡಿದುಕೊಂಡ.

"ಮೇಡಂ ಅವರ ಎಣಿಕೆಗೆ ಬರಲ್ಲ. ನನ್ನ ಎಣಿಕೆಗೆ ಬರುತ್ತೆ."

ಹೂಂ ಎನ್ನುವುದಕ್ಕೆ ಒಂದು ವರ್ಷ ಬೇಕಾಯಿತು ಅವಳಿಗೆ. ಅಷ್ಟು ಕಾದ ಮೇಲೆ ಬಂದದ್ದು ಬರೀ ಒಂದು ಹೂಂ, ಅದೂ ಅರ್ಧ ಅಳುವಿನಲ್ಲಿ. ಅವನಿಗೆ ಅಷ್ಟೇ ಸಾಕಾಗಿತ್ತು.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಗೆರೆ ಅಲುಗಿತು. ದೂರದಲ್ಲಿ ಯಾವುದೋ ತಿಮಿಂಗಿಲ ಮಾತಾಡುತ್ತಿತ್ತು. ಅವನು ಎದ್ದು ಹೆಡ್‌ಫೋನು ಎತ್ತಿಕೊಂಡ, ಒಂದು ಕಿವಿಗೆ ಹಾಕಿಕೊಂಡ, ಎಂದಿನಂತೆ ಇನ್ನೊಂದನ್ನು ಹೊರಗೆ ಬಿಟ್ಟ.

ಅವಳು ಕೈ ಚಾಚಿ ಆ ಇನ್ನೊಂದನ್ನೂ ಸರಿಯಾಗಿ ಮುಚ್ಚಿದಳು.

"ಹೀಗೆ ಮುಚ್ಚಿದ್ರೆ ನಿಮ್ಮ ಮಾತು ಹೇಗೆ ಕೇಳಿಸುತ್ತೆ?" ಎಂದ ಅವನು.

"ನೀನು ಸಮುದ್ರ ಕೇಳು. ನಾನು ಪಕ್ಕದಲ್ಲೇ ಇರ್ತೀನಿ."

ಅವನು ತಟ್ಟನೆ ಒಂದು ಬದಿ ಎತ್ತಿ ಹಿಡಿದ. "ಏನಂದ್ರಿ? ಇನ್ನೊಂದು ಸಲ ಹೇಳಿ."

"ಕೇಳಿಸ್ತಲ್ಲ ನಿನಗೆ," ಎಂದಳು ಅವಳು.